ಸಂಶೋಧನೆಯಿಂದ ಸರಕಾರಿ ಕಡತದವರೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಜ್ಞಾನಿಗಳು ಸಾರ್ವಜನಿಕ ನೀತಿಗೆ ತಿಳಿವಳಿಕೆಯನ್ನು ಒದಗಿಸುವುದು ಹೇಗೆ, ಅದರ ಮೇಲೆ ಪ್ರಭಾವ ಬೀರುವುದು ಹೇಗೆ ಎಂಬ ವಿಷಯವಾಗಿ ಈ ಅಂಕಣಕ್ಕೆ ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಸಂಶೋಧಕರವು; ಕೆಲವು ಅಧಿಕಾರಿಗಳವು, ವಿದ್ಯಾರ್ಥಿಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಅಂತರ್ಜಲ ಸಂಶೋಧಕಿ. ನಮ್ಮ ತಂಡ ಮೂರು ವರ್ಷಗಳ ಕಾಲ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಪ್ರಮಾಣವನ್ನು ಅಳೆದು, ಒಳ್ಳೆಯ ಪತ್ರಿಕೆಯೊಂದರಲ್ಲಿ ಪ್ರಬಂಧವನ್ನು ಪ್ರಕಟಿಸಿತು. ಅದರ ಪ್ರತಿಯನ್ನು ಸಂಬಂಧಪಟ್ಟ ಇಲಾಖೆಗೆ ಕಳುಹಿಸಿ ಒಂದು ವರ್ಷ ಕಳೆದಿದೆ. ಸ್ವೀಕೃತಿ ಪತ್ರವೂ ಬಂದಿಲ್ಲ. ನಾವು ಎಡವಿದ್ದೆಲ್ಲಿ?

ಉತ್ತರ: ನಿಮ್ಮ ಸಂಶೋಧನೆಯಲ್ಲಿ ಕೊರತೆ ಇರಬೇಕೆಂದಿಲ್ಲ. ನಿಮ್ಮ ಪ್ರಬಂಧ ಉತ್ತರಿಸಿದ ಪ್ರಶ್ನೆಯೇ ಬೇರೆ, ಇಲಾಖೆಯ ಮೇಜಿನ ಮೇಲಿರುವ ಪ್ರಶ್ನೆಯೇ ಬೇರೆ. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಅದು ಯಾವ ಶಿಲೆಯಿಂದ ಕರಗಿ ಬರುತ್ತದೆ, ಯಾವ ಕಾಲದಲ್ಲಿ ಏರುತ್ತದೆ ಎಂಬುದನ್ನು ನೀವು ಹೇಳಿದ್ದೀರಿ. ಕಡತವನ್ನು ಮುಂದೆ ಇಟ್ಟುಕೊಂಡು ಕುಳಿತವರಿಗೆ ಬೇಕಾಗಿರುವುದು ಮೊದಲು ಯಾವ ಬಾವಿಯನ್ನು ನಿಲ್ಲಿಸಬೇಕು, ನಿಲ್ಲಿಸಿದರೆ ಅದನ್ನೇ ನಂಬಿದ ಜನರಿಗೆ ನೀರು ಎಲ್ಲಿಂದ ಬರಬೇಕು, ಖರ್ಚೆಷ್ಟು, ಈ ವರ್ಷ ಏನೂ ಮಾಡದಿದ್ದರೆ ಆಗುವ ಹಾನಿ ಏನು, ಇದನ್ನು ಮಾಡುವ ಅಧಿಕಾರ ತಮಗಿದೆಯೋ ಬೇರೆ ಇಲಾಖೆಗಿದೆಯೋ ಎಂಬ ವಿವರ. ಇವುಗಳಲ್ಲಿ ಕೆಲವಕ್ಕೆ ನಿಮ್ಮ ದತ್ತಾಂಶದಲ್ಲಿ ಉತ್ತರ ಇದ್ದೇ ಇರುತ್ತದೆ, ಆದರೆ ಅದು ಪ್ರಬಂಧದ ಹದಿನಾಲ್ಕನೆಯ ಪುಟದ ಕೋಷ್ಟಕದಲ್ಲಿ, ಬಾವಿಗಳ ಸಂಕೇತ ಸಂಖ್ಯೆಗಳ ಹಿಂದೆ ಅಡಗಿ ಕುಳಿತಿದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ತಜ್ಞ ಸಮಿತಿಯಲ್ಲಿದ್ದಾಗ, ಅರುವತ್ತಕ್ಕೂ ಹೆಚ್ಚು ಪುಟಗಳ ವರದಿಯನ್ನು ನಾವು ಅಭಿಮಾನದಿಂದ ಒಪ್ಪಿಸಿದೆವು. ಅದನ್ನು ಕೈಗೆತ್ತಿಕೊಂಡ ಹಿರಿಯ ಅಧಿಕಾರಿ ಮೊದಲು ಕೊನೆಯ ಪುಟವನ್ನು ತೆರೆದರು, ಅಲ್ಲಿ ಆಕರಗಳ ಪಟ್ಟಿ ಇತ್ತು, ಮೊದಲ ಪುಟಕ್ಕೆ ಬಂದರು, ಅಲ್ಲಿ ಕೃತಜ್ಞತೆಗಳಿದ್ದವು, ಆಮೇಲೆ ವರದಿಯನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ನಾನು ಯಾವುದಕ್ಕೆ ಸಹಿ ಹಾಕಬೇಕು?" ಎಂದು ಕೇಳಿದರು. ಅವರ ದನಿಯಲ್ಲಿ ತಾತ್ಸಾರ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಇಚ್ಛೆ ಇತ್ತು. ನಾವು ಐವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಮುಂದಿನ ವಾರ ಅದೇ ವರದಿಯನ್ನು ಒಂದೇ ಪುಟಕ್ಕೆ ಇಳಿಸಲು ಕುಳಿತಾಗ, ಅರುವತ್ತು ಪುಟ ಬರೆಯುವಾಗ ಒಮ್ಮೆಯೂ ಎದ್ದಿರದ ಭಿನ್ನಾಭಿಪ್ರಾಯಗಳು ನಮ್ಮೊಳಗೆ ಎದ್ದವು. ಸಮಿತಿ ಏನನ್ನು ಶಿಫಾರಸು ಮಾಡುತ್ತಿದೆ ಎಂಬುದು ನಮಗೇ ಸ್ಪಷ್ಟವಾದದ್ದು ಆಗ.

ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು ಒಂದು ಪುಟದ ಟಿಪ್ಪಣಿ. ಅಳೆದ ಬಾವಿಗಳ ಪೈಕಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟಿದವು ಯಾವುವು ಎಂಬುದನ್ನು, ಅಧಿಕಾರಿಗಳು ಬಳಸುವ ಹೆಸರುಗಳಲ್ಲೇ, ಹೆಚ್ಚು ಅಪಾಯದ್ದರಿಂದ ಕಡಿಮೆಯದಕ್ಕೆ ಇಳಿಯುವ ಕ್ರಮದಲ್ಲಿ ಬರೆಯಿರಿ. ಅವುಗಳಲ್ಲಿ ಕುಡಿಯಲು ಬಳಕೆಯಾಗುವವು ಎಷ್ಟು, ಹತ್ತಿರದಲ್ಲೇ ಸುರಕ್ಷಿತ ಬಾವಿ ಇರುವುದು ಎಲ್ಲೆಲ್ಲಿ ಎಂಬುದನ್ನು ಸೇರಿಸಿ. ಮಾಡಬಹುದಾದ ಎರಡು ಮೂರು ಕ್ರಮಗಳನ್ನು, ಪ್ರತಿಯೊಂದರ ಅಂದಾಜು ಖರ್ಚು ಮತ್ತು ತೊಡಕಿನೊಂದಿಗೆ ಹೇಳಿ. ನಿಮಗೆ ಖಚಿತವಿಲ್ಲದ ಅಂಶ ಯಾವುದು ಎಂಬುದಕ್ಕೂ ಎರಡು ಸಾಲು ಇರಲಿ. ಪ್ರಬಂಧ ಅಡಕವಾಗಿ ಹಿಂದೆ ಬರಲಿ. ಟಿಪ್ಪಣಿಯನ್ನು ಇಲಾಖೆಯ ಮುಖ್ಯಸ್ಥರಿಗೆ ಮಾತ್ರ ಕಳುಹಿಸಬೇಡಿ. ಆ ವಿಷಯದ ಕಡತವನ್ನು ನಿಜವಾಗಿ ನಡೆಸುವ ಕಿರಿಯ ಎಂಜಿನಿಯರ್ ಅಥವಾ ಅಧಿಕಾರಿ ಯಾರೆಂದು ವಿಚಾರಿಸಿ, ಅವರನ್ನು ಕಂಡು ಮಾತನಾಡಿ.

ಹೊತ್ತು ನೋಡಿ ಕಳುಹಿಸುವುದೂ ಅಷ್ಟೇ ಮುಖ್ಯ. ಬಜೆಟ್ ಸಿದ್ಧವಾಗುವ ಮುನ್ನ, ನಿಯಮಗಳ ಪರಿಷ್ಕರಣೆಗೆ ಕರಡು ಹೊರಟಾಗ, ಶಾಸನಸಭೆಯಲ್ಲಿ ಆ ಕುರಿತ ಪ್ರಶ್ನೆ ಬಂದಾಗ ಇಲಾಖೆಯೇ ಮಾಹಿತಿಗಾಗಿ ಹುಡುಕುತ್ತಿರುತ್ತದೆ. ಆ ದಿನ ಕೈಗೆ ಸಿಕ್ಕ ಒಂದು ಪುಟಕ್ಕೆ ಇರುವ ತೂಕ, ಬಜೆಟ್ ಮುಗಿದ ಮರುತಿಂಗಳು ತಲುಪಿದ ಅತ್ಯುತ್ತಮ ವರದಿಗೂ ಇರುವುದಿಲ್ಲ.

ಕೇಳುವುದನ್ನು ಕೇಳಿಸಿಕೊಳ್ಳುವವರ ಅಧಿಕಾರದ ಅಳತೆಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ಪ್ರಸಂಗ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಎದ್ದು, 600ಕ್ಕೂ ಹೆಚ್ಚು ಜನರು ಸತ್ತರು. ಕಾಲರಾ ಹರಡುವುದು ಕೆಟ್ಟ ಗಾಳಿಯಿಂದ ಎಂಬುದು ಆಗಿನ ಬಹುಪಾಲು ವೈದ್ಯರ ನಂಬಿಕೆ. ನೀರಿನಿಂದ ಎಂದವರು ಲಂಡನ್ನಿನ ವೈದ್ಯ ಜಾನ್ ಸ್ನೋ. ಸತ್ತವರ ಮನೆಗಳಿಗೆ ಹೋಗಿ, ಯಾರು ಎಲ್ಲಿಯ ನೀರು ಕುಡಿದಿದ್ದರು ಎಂದು ವಿಚಾರಿಸಿದ ಲೆಕ್ಕವನ್ನು ಹಿಡಿದು, ಸೆಪ್ಟೆಂಬರ್ 7ರ ಸಂಜೆ ಅವರು ಆ ಪ್ರದೇಶದ ಸ್ಥಳೀಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಪಾಲಕ ಮಂಡಳಿಯ ಸಭೆಗೆ ಹೋದರು. ಮಂಡಳಿಯವರು ಅವರ ಸಿದ್ಧಾಂತವನ್ನು ಒಪ್ಪಲಿಲ್ಲ. ಆದರೆ ಸ್ನೋ ಕೇಳಿದ್ದು ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ಹಿಡಿಕೆಯನ್ನು ತೆಗೆಸಿ ಎಂದಷ್ಟೇ. ಅದು ಆ ಮಂಡಳಿಯ ಕೈಯಲ್ಲೇ ಇದ್ದ ಕೆಲಸ, ಹೆಚ್ಚು ಖರ್ಚಿನದಲ್ಲ, ತಪ್ಪೆಂದು ಕಂಡರೆ ಮತ್ತೆ ಹಾಕಬಹುದಾದದ್ದು. ಮರುದಿನವೇ ಹಿಡಿಕೆಯನ್ನು ಕಳಚಲಾಯಿತು. ಜನರು ಪ್ರದೇಶವನ್ನು ಬಿಟ್ಟು ಓಡಿದ್ದರಿಂದ ರೋಗ ಆ ವೇಳೆಗಾಗಲೇ ಇಳಿಯತೊಡಗಿತ್ತು ಎಂಬುದನ್ನು ಸ್ನೋ ಅವರೇ ಬರೆದಿದ್ದಾರೆ. ಆ ಪ್ರಾಮಾಣಿಕತೆಯನ್ನೂ ಗಮನಿಸಬೇಕು.

ಪ್ರಶ್ನೆ: ವಿಜ್ಞಾನದಲ್ಲಿ ಪೂರ್ತಿ ಖಚಿತತೆ ಎಂದಿಗೂ ಇರುವುದಿಲ್ಲ. ಅನುಮಾನಗಳನ್ನು ಹೇಳಿದರೆ ಆಡಳಿತಗಾರರು ಅದನ್ನೇ ನೆಪ ಮಾಡಿಕೊಂಡು ಕೈಕಟ್ಟಿ ಕೂರುತ್ತಾರೆ; ಹೇಳದಿದ್ದರೆ ನಾವು ಸತ್ಯಕ್ಕೆ ತಪ್ಪಿದಂತಾಗುತ್ತದೆ. ಏನು ಮಾಡಬೇಕು?

ಉತ್ತರ: ಹೇಳಲೇಬೇಕು, ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಬಾರದು. ಅನಿಶ್ಚಿತತೆ ಎಷ್ಟು, ಯಾವುದರ ಬಗ್ಗೆ, ನಮ್ಮ ಅಂದಾಜು ತಪ್ಪಾದರೆ ನಷ್ಟ ಯಾರಿಗೆ ಎಂಬುದನ್ನು ಕಡ್ಡಿ ಮುರಿದಂತೆ ಹೇಳಬಹುದು. "ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ" ಎಂಬ ವಾಕ್ಯದಿಂದ ಪ್ರಬಂಧವನ್ನು ಮುಗಿಸುವ ಅಭ್ಯಾಸ ನಮಗಿದೆ. ಅದೇ ವಾಕ್ಯ ಕಡತದಲ್ಲಿ ಸೇರಿದಾಗ "ಸದ್ಯಕ್ಕೆ ಏನೂ ಮಾಡಬೇಕಾಗಿಲ್ಲ" ಎಂಬ ಅರ್ಥ ಪಡೆಯುತ್ತದೆ.

ಪೂರ್ತಿ ಖಚಿತವಾಗುವವರೆಗೆ ಕಾಯದೆ ಮಾಡಿದ ನಿರ್ಧಾರಗಳಲ್ಲಿ ಸೂರ್ಯನ ಹಾನಿಕಾರಕ ಕಿರಣಗಳನ್ನು ತಡೆಯುವ ಓಝೋನ್ ಪದರದ ರಕ್ಷಣೆಯದು ಬಹಳ ದೊಡ್ಡದು. ಶೀತಕಗಳಲ್ಲಿಯೂ ಸ್ಪ್ರೇ ಡಬ್ಬಿಗಳಲ್ಲಿಯೂ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ವಾತಾವರಣದ ಮೇಲ್ಪದರಕ್ಕೆ ಏರಿ ಓಝೋನನ್ನು ನಾಶಮಾಡಬಲ್ಲವು ಎಂದು ಮಾರಿಯೊ ಮೊಲೀನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅವರು ಪ್ರಬಂಧ ಪ್ರಕಟಿಸಿ ಕೈತೊಳೆದುಕೊಳ್ಳಲಿಲ್ಲ. ಪತ್ರಕರ್ತರೊಡನೆ ಮಾತನಾಡಿದರು, ಶಾಸಕರ ಮುಂದೆ ಸಾಕ್ಷ್ಯ ನುಡಿದರು, ಉದ್ಯಮದ ಆಕ್ಷೇಪಗಳನ್ನು ಎದುರಿಸಿದರು. 1985ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀವ್ರವಾಗಿ ಕುಸಿದಿರುವುದನ್ನು ಬ್ರಿಟಿಷ್ ಸಂಶೋಧಕರು ಪ್ರಕಟಿಸಿದರು. ಆ ಕುಸಿತಕ್ಕೆ ಈ ಅನಿಲಗಳೇ ಕಾರಣವೆಂದು ತೀರ್ಮಾನಿಸಲು ಬೇಕಾದ ಅಳತೆಗಳನ್ನು ವಿಮಾನಗಳಲ್ಲಿ ಸಂಗ್ರಹಿಸಿದ್ದು 1987ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ. ಅದೇ 1987ರ ಸೆಪ್ಟೆಂಬರ್ 16ರಂದು, ಆ ಫಲಿತಾಂಶಗಳು ಪ್ರಕಟವಾಗುವ ಮೊದಲೇ, ಈ ಅನಿಲಗಳ ಬಳಕೆಯನ್ನು ಮಿತಿಗೊಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು.

ಇದು ಸಾಧ್ಯವಾದದ್ದಕ್ಕೆ ಒಪ್ಪಂದದ ಒಳಗಿನ ರಚನೆಯೂ ಒಂದು ಕಾರಣ. ಕನಿಷ್ಠ ನಾಲ್ಕು ವರ್ಷಗಳಿಗೊಮ್ಮೆ ವೈಜ್ಞಾನಿಕ ಮೌಲ್ಯಮಾಪನ ನಡೆಯಬೇಕು, ಅದರ ಆಧಾರದ ಮೇಲೆ ನಿಯಂತ್ರಣಗಳನ್ನು ಬದಲಾಯಿಸಬಹುದು ಎಂದು ಒಪ್ಪಂದದಲ್ಲೇ ಬರೆಯಲಾಗಿತ್ತು. ಹಾಗಾಗಿ 1987ರಲ್ಲಿ ಪ್ರಮುಖ ಅನಿಲಗಳ ಬಳಕೆಯನ್ನು ಅರ್ಧಕ್ಕೆ ಇಳಿಸುವ ಗುರಿಯಿಂದ ಹೊರಟವರು 1990ರಲ್ಲಿ ಲಂಡನ್ನಿನಲ್ಲಿ ಸೇರಿ ಪೂರ್ಣ ನಿಷೇಧವನ್ನು ಒಪ್ಪಿಕೊಂಡರು. ನಾಳೆ ತಿದ್ದಿಕೊಳ್ಳಲು ದಾರಿ ಇದ್ದರೆ ಇಂದು ನಿರ್ಧರಿಸುವುದು ಸುಲಭವಾಗುತ್ತದೆ. ಸಲಹೆ ಕೊಡುವ ವಿಜ್ಞಾನಿ ಕ್ರಮವನ್ನು ಸೂಚಿಸುವಾಗಲೇ, ಯಾವಾಗ ಮರುಪರಿಶೀಲಿಸಬೇಕು, ಯಾವ ಅಳತೆ ಬದಲಾದರೆ ಕ್ರಮವನ್ನು ಬದಲಿಸಬೇಕು ಎಂಬುದನ್ನೂ ಸೂಚಿಸಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಇದಕ್ಕೆ ವ್ಯತಿರಿಕ್ತವಾದ ಘಟನೆಯನ್ನೂ ನೋಡೋಣ. ಬ್ರಿಟನ್ನಿನಲ್ಲಿ ದನಗಳಿಗೆ ಬಂದ ಬಿಎಸ್‌ಇ ಎಂಬ ಮಿದುಳಿನ ರೋಗವನ್ನು ಪರಿಶೀಲಿಸಲು ನೇಮಕವಾದ ಸೌತ್‌ವುಡ್ ಸಮಿತಿ 1989ರಲ್ಲಿ ವರದಿ ಕೊಟ್ಟಿತು. ಇದರಿಂದ ಮನುಷ್ಯರ ಆರೋಗ್ಯಕ್ಕೆ ತೊಂದರೆಯಾಗುವ ಸಂಭವ ತೀರಾ ಕಡಿಮೆ ಎಂದು ವರದಿ ಹೇಳಿತ್ತು. ಅದರ ಬೆನ್ನಿಗೇ, ತಮ್ಮ ಅಂದಾಜು ತಪ್ಪಾಗಿದ್ದರೆ ಪರಿಣಾಮಗಳು ಅತ್ಯಂತ ಗಂಭೀರವಾಗಿರುತ್ತವೆ ಎಂದೂ ಹೇಳಿತ್ತು. ಮೊದಲ ಮಾತು ವರ್ಷಗಟ್ಟಲೆ ಅಧಿಕೃತ ಹೇಳಿಕೆಗಳಲ್ಲಿ ಸುಳಿದಾಡಿತು, ಎರಡನೆಯದು ಮೂಲೆಗೆ ಬಿತ್ತು. 1996ರ ಮಾರ್ಚ್ 20ರಂದು, ಮನುಷ್ಯರಲ್ಲಿ ಕಾಣಿಸಿಕೊಂಡ ಹೊಸ ಬಗೆಯ ಮಾರಕ ರೋಗಕ್ಕೂ ಬಿಎಸ್‌ಇಗೂ ಸಂಬಂಧ ಇರುವ ಸಂಭವವಿದೆ ಎಂದು ಸರಕಾರವೇ ಸಂಸತ್ತಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ತಾತ್ಕಾಲಿಕವಾದ ಅಭಿಪ್ರಾಯವನ್ನು ಸಾಬೀತಾದ ಸತ್ಯದಂತೆ ಬಳಸಲಾಗಿತ್ತು ಎಂದು ಆಮೇಲೆ ನಡೆದ ವಿಚಾರಣೆ ಗುರುತಿಸಿತು. ಆದ್ದರಿಂದ ಷರತ್ತನ್ನು ಎರಡನೆಯ ವಾಕ್ಯವಾಗಿ ಬಿಡಬೇಡಿ. ಕತ್ತರಿಸಿ ತೆಗೆಯಲಾಗದಂತೆ ಮೊದಲ ವಾಕ್ಯದೊಳಗೇ ಹೆಣೆಯಿರಿ. ನಿಮ್ಮ ಮಾತನ್ನು ಬೇರೆಯವರು ಅರ್ಧಕ್ಕೆ ತುಂಡರಿಸಿ ಹೇಳಿದರೆ, ಅಂದೇ ಬರವಣಿಗೆಯಲ್ಲಿ ತಿದ್ದುಪಡಿ ಕೇಳಿ.

ಪದಗಳ ವಿಷಯದಲ್ಲೂ ಎಚ್ಚರ ಬೇಕು. "ಸಂಭವವಿದೆ" ಎಂದರೆ ನನಗೆ ಹತ್ತರಲ್ಲಿ ಎಂಟು, ನಿಮಗೆ ಹತ್ತರಲ್ಲಿ ಮೂರು ಎಂದು ತೋರಬಹುದು. 1988ರಲ್ಲಿ ಸ್ಥಾಪನೆಯಾದ ಹವಾಮಾನ ಬದಲಾವಣೆಯ ಅಂತರಸರಕಾರಿ ಸಮಿತಿ ಈ ಗೊಂದಲವನ್ನು ತಪ್ಪಿಸಲೆಂದೇ ಪದಗಳಿಗೆ ಅಂಕಿಗಳನ್ನು ಗೊತ್ತುಮಾಡಿದೆ: ಅದರ ವರದಿಗಳಲ್ಲಿ "ಸಂಭವನೀಯ" ಎಂದರೆ ಶೇಕಡಾ 66ಕ್ಕೆ ಕಡಿಮೆ ಇಲ್ಲದ್ದು, "ಅತಿ ಸಂಭವನೀಯ" ಎಂದರೆ ಶೇಕಡಾ 90ಕ್ಕೆ ಕಡಿಮೆ ಇಲ್ಲದ್ದು. ಸಣ್ಣ ಟಿಪ್ಪಣಿಯಲ್ಲೂ ಇದನ್ನು ಅನುಸರಿಸಬಹುದು.

ಪ್ರಶ್ನೆ: ವಿಜ್ಞಾನಿ ಒಂದು ನೀತಿಯ ಪರವಾಗಿ ಬಹಿರಂಗವಾಗಿ ಮಾತನಾಡಿದರೆ ಆತನ ನಿಷ್ಪಕ್ಷಪಾತಕ್ಕೆ ಧಕ್ಕೆ ಬರುವುದಿಲ್ಲವೇ? ನಮ್ಮ ಮಾರ್ಗದರ್ಶಕರು "ದತ್ತಾಂಶ ಕೊಡಿ, ಅಭಿಪ್ರಾಯ ಕೊಡಬೇಡಿ" ಎನ್ನುತ್ತಾರೆ.

ಉತ್ತರ: ನಿಮ್ಮ ಮಾರ್ಗದರ್ಶಕರ ಎಚ್ಚರಿಕೆಯನ್ನು ಗೌರವಿಸುತ್ತೇನೆ, ಆದರೆ ಅದು ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. "ಹೀಗೆ ಮಾಡಿದರೆ ಹೀಗಾಗುತ್ತದೆ" ಎಂಬುದು ಒಂದು ಬಗೆಯ ಮಾತು; "ಹೀಗೆ ಮಾಡಬೇಕು" ಎಂಬುದು ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಪುರಾವೆ ಸಾಕು. ಎರಡನೆಯದಕ್ಕೆ ಪುರಾವೆಯ ಜೊತೆಗೆ ಮೌಲ್ಯಗಳ ತೂಕವೂ ಬೇಕು: ಯಾರ ಹಿತ ಹೆಚ್ಚು, ಎಷ್ಟು ಅಪಾಯವನ್ನು ಸಹಿಸಬಹುದು, ಮುಂದಿನ ಪೀಳಿಗೆಗಾಗಿ ಇಂದಿನವರು ಎಷ್ಟು ಬಿಟ್ಟುಕೊಡಬೇಕು. ಈ ತೂಕದಲ್ಲಿ ವಿಜ್ಞಾನಿಯ ಮತ ಇತರ ಪ್ರಜೆಗಳ ಮತಕ್ಕಿಂತ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಎರಡನ್ನೂ ಹೇಳಬಹುದು, ಆದರೆ ಒಂದು ಮುಗಿದು ಇನ್ನೊಂದು ಶುರುವಾದದ್ದು ಎಲ್ಲಿ ಎಂಬುದು ಕೇಳುಗರಿಗೆ ತಿಳಿಯಬೇಕು. "ಇಲ್ಲಿಯವರೆಗೆ ನಾನು ಹೇಳಿದ್ದು ಅಳತೆಗಳ ಮಾತು, ಇನ್ನು ಹೇಳುವುದು ನನ್ನ ಸ್ವಂತ ಅಭಿಪ್ರಾಯ" ಎಂಬ ಒಂದು ವಾಕ್ಯವನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ ನೋಡಿ, ಮಾತಿನ ತೂಕ ಕುಗ್ಗುವುದಿಲ್ಲ. ಸಂಶೋಧನೆಗೆ ಹಣ ಕೊಟ್ಟವರು ಯಾರು ಎಂಬುದನ್ನು ಯಾರೂ ಕೇಳುವ ಮುನ್ನ ನೀವೇ ಹೇಳುವುದೂ ಇದೇ ಶಿಸ್ತಿನ ಭಾಗ.

ಅಳತೆಯ ಕೆಲಸವನ್ನೇ ಜನರೊಡನೆ ಸೇರಿ ಮಾಡಿದರೆ ಅಭಿಪ್ರಾಯವನ್ನು ಘೋಷಿಸುವ ಅಗತ್ಯವೇ ಕಡಿಮೆಯಾಗುತ್ತದೆ. 1950ರ ದಶಕದಲ್ಲಿ ಅಣುಬಾಂಬುಗಳನ್ನು ತೆರೆದ ವಾತಾವರಣದಲ್ಲಿ ಸಿಡಿಸಿ ಪರೀಕ್ಷಿಸುತ್ತಿದ್ದಾಗ ಅದರ ವಿಕಿರಣಶೀಲ ಧೂಳಿನಲ್ಲಿದ್ದ ಸ್ಟ್ರಾಂಷಿಯಂ-90 ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಮೂಳೆಗೆ ಸೇರುತ್ತಿತ್ತು, ಏಕೆಂದರೆ ದೇಹ ಅದನ್ನು ಕ್ಯಾಲ್ಸಿಯಂನಂತೆಯೇ ಬಳಸಿಕೊಳ್ಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1958ರ ಕೊನೆಯಲ್ಲಿ ವಿಜ್ಞಾನಿಗಳೂ ನಾಗರಿಕರೂ ಸೇರಿ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಸಂಗ್ರಹಿಸತೊಡಗಿದರು. ಹಲ್ಲು ಕಳುಹಿಸಿದ ಮಗುವಿಗೆ, ತಾನು ವಿಜ್ಞಾನಕ್ಕೆ ಹಲ್ಲು ಕೊಟ್ಟೆ ಎಂದು ಬರೆದ ಬಿಲ್ಲೆಯೊಂದು ಸಿಗುತ್ತಿತ್ತು. ವೈದ್ಯೆ ಲೂಯಿಸ್ ರೈಸ್ ಮೊದಲ ವರ್ಷಗಳಲ್ಲಿ ಮುನ್ನಡೆಸಿದ ಈ ಸಮೀಕ್ಷೆಗೆ ಒಟ್ಟಾರೆ ಮೂರು ಲಕ್ಷಕ್ಕೂ ಹೆಚ್ಚು ಹಲ್ಲುಗಳು ಬಂದವು, 1961ರಲ್ಲಿ ಮೊದಲ ಫಲಿತಾಂಶಗಳು ಪ್ರಕಟವಾದವು, 1963ರ ಆಗಸ್ಟ್‌ನಲ್ಲಿ ವಾತಾವರಣದಲ್ಲಿ ಅಣುಪರೀಕ್ಷೆಗಳನ್ನು ನಿಷೇಧಿಸುವ ಭಾಗಶಃ ಒಪ್ಪಂದಕ್ಕೆ ಸಹಿಯಾಯಿತು. ಒಪ್ಪಂದಕ್ಕೆ ಬೇರೆ ರಾಜಕೀಯ ಕಾರಣಗಳೂ ಇದ್ದವು, ನಿಜ. ಆದರೆ ಮನೆಯ ಮಗುವಿನ ಹಲ್ಲನ್ನು ಲಕೋಟೆಯಲ್ಲಿ ಹಾಕಿ ಕಳುಹಿಸಿದ ತಾಯಿಗೆ ಸ್ಟ್ರಾಂಷಿಯಂ ದೂರದ ವಿಷಯವಾಗಿ ಉಳಿದಿರಲಿಲ್ಲ.

ಪ್ರಶ್ನೆ: ನಾನು ಆರೋಗ್ಯ ಕ್ಷೇತ್ರದ ಅಧಿಕಾರಿ. ಒಂದು ಅಧ್ಯಯನ ಹೌದು ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಪ್ರತಿಯೊಬ್ಬ ತಜ್ಞರೂ ತಮ್ಮ ಪ್ರಬಂಧವನ್ನೇ ತರುತ್ತಾರೆ. ಯಾವುದನ್ನು ನಂಬಬೇಕು?

ಉತ್ತರ: ಒಂಟಿ ಅಧ್ಯಯನವನ್ನು ಹಿಡಿದು ಬಂದವರಿಗೆ, "ಈ ವಿಷಯದ ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಏನು ಕಾಣುತ್ತದೆ?" ಎಂದು ಕೇಳಿ. ಮೊದಲೇ ಗೊತ್ತುಮಾಡಿದ ವಿಧಾನದಿಂದ ಲಭ್ಯವಿರುವ ಎಲ್ಲ ಅಧ್ಯಯನಗಳನ್ನು ಹುಡುಕಿ, ಅವುಗಳ ಗುಣಮಟ್ಟವನ್ನು ತೂಗಿ, ಒಟ್ಟು ಉತ್ತರ ಪಡೆಯುವ ವ್ಯವಸ್ಥಿತ ವಿಮರ್ಶೆ ಇರುವುದು ಇದಕ್ಕೇ. ಆರೋಗ್ಯ ಕ್ಷೇತ್ರದಲ್ಲಿ 1993ರಲ್ಲಿ ಆರಂಭವಾದ ಕಾಕ್ರೇನ್ ಸಂಸ್ಥೆ ಈ ಕೆಲಸವನ್ನು ನಿರಂತರವಾಗಿ ಮಾಡುತ್ತಿದೆ.

ಇದನ್ನು ಮಾಡದಿದ್ದರೆ ತೆರಬೇಕಾದ ಬೆಲೆಯನ್ನು ಹಸುಗೂಸುಗಳ ನಿದ್ದೆಯ ಪ್ರಸಂಗ ತೋರಿಸುತ್ತದೆ. ಮಗುವನ್ನು ಬೋರಲು ಮಲಗಿಸುವುದೇ ಒಳ್ಳೆಯದೆಂದು ಪಾಶ್ಚಾತ್ಯ ದೇಶಗಳಲ್ಲಿ ದಶಕಗಳ ಕಾಲ ಸಲಹೆ ನೀಡಲಾಗುತ್ತಿತ್ತು. ಬೆನ್ನ ಮೇಲೆ ಮಲಗಿಸಿ ಎಂಬ ಪ್ರಚಾರ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಆರಂಭವಾಯಿತು, ನಿದ್ದೆಯಲ್ಲೇ ಆಗುವ ಹಠಾತ್ ಶಿಶುಮರಣಗಳು ಗಣನೀಯವಾಗಿ ಇಳಿದವು. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಬೋರಲು ಮಲಗಿಸುವುದರ ಅಪಾಯವನ್ನು ಗುರುತಿಸಲು ಬೇಕಾದ ಮಾಹಿತಿ 1970ರ ವೇಳೆಗೇ ಲಭ್ಯವಿತ್ತು ಎಂದು ತೋರಿಸಿತು. ಅಂದೇ ಯಾರಾದರೂ ಅದನ್ನು ಒಟ್ಟಿಗೆ ಜೋಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲೇಷ್ಯಾಗಳಲ್ಲಿ ಕನಿಷ್ಠ 50,000 ಕೂಸುಗಳ ಸಾವನ್ನು ತಡೆಯಬಹುದಿತ್ತು ಎಂದು ಅಂದಾಜು ಮಾಡಿತು. ಅಲ್ಲಿ ಕೊರತೆಯಾದದ್ದು ಹೊಸ ಸಂಶೋಧನೆಯಲ್ಲ. ಈ ಅಂಕಿಯನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಆದ್ದರಿಂದ ನಿಮ್ಮ ಬಳಿಗೆ ಬರುವ ತಜ್ಞರಿಂದ ಪ್ರಬಂಧದ ಬದಲು ವಿಮರ್ಶೆಯನ್ನು ಕೇಳಿ. ಅದಕ್ಕೆ ಸಮಯವಿಲ್ಲದಿದ್ದರೆ, ಪರಸ್ಪರ ಒಪ್ಪದ ಇಬ್ಬರು ತಜ್ಞರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ತಮ್ಮ ನಡುವಿನ ಭಿನ್ನಾಭಿಪ್ರಾಯ ನಿಖರವಾಗಿ ಯಾವ ಅಂಶದ ಮೇಲೆ ಎಂದು ಇಬ್ಬರೂ ಸೇರಿ ಒಂದು ಪುಟ ಬರೆದುಕೊಡಲಿ. ಹೆಚ್ಚಿನ ವೇಳೆ ಆ ಅಂಶ ನೀವು ಎಣಿಸಿದ್ದಕ್ಕಿಂತ ಬಹಳ ಚಿಕ್ಕದಾಗಿರುತ್ತದೆ.

ಪ್ರಶ್ನೆ: ಹಣವಂತ ಉದ್ಯಮಗಳ ಒತ್ತಡದ ಮುಂದೆ ಒಬ್ಬ ವಿಜ್ಞಾನಿ ಏನು ಮಾಡಬಲ್ಲ?

ಉತ್ತರ: ಸರಕಾರದ ಒಳಗಿರುವ ವಿಜ್ಞಾನಿಗೆ ನಿಯಮವೇ ಆಯುಧ. 1960ರ ಸೆಪ್ಟೆಂಬರ್‌ನಲ್ಲಿ ಥಾಲಿಡೋಮೈಡ್ ಎಂಬ ನಿದ್ದೆಯ ಔಷಧಿಯನ್ನು ಮಾರಲು ಅನುಮತಿ ಕೋರಿದ ಅರ್ಜಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯಲ್ಲಿ ಫ್ರಾನ್ಸಿಸ್ ಕೆಲ್ಸಿ ಅವರ ಮೇಜಿಗೆ ಬಂತು. ಅವರು ಕೆಲಸಕ್ಕೆ ಸೇರಿ ಆಗ ತಿಂಗಳಷ್ಟೇ ಆಗಿತ್ತು. ಅರ್ಜಿಯನ್ನು 60 ದಿನಗಳೊಳಗೆ ಪ್ರಶ್ನಿಸದಿದ್ದರೆ ಅನುಮತಿ ತಾನಾಗಿ ಸಿಕ್ಕಂತೆ ಎಂಬುದು ಆಗಿನ ನಿಯಮ. ಮಾಹಿತಿ ಸಾಲದು ಎಂದು ಅರ್ಜಿಯನ್ನು ಹಿಂದಿರುಗಿಸಿದರೆ ಗಡುವು ಮತ್ತೆ ಮೊದಲಿನಿಂದ ಆರಂಭ. ಕಂಪೆನಿ ಫೋನು, ಪತ್ರ, ಭೇಟಿಗಳ ಮೂಲಕ ಒತ್ತಾಯಿಸುತ್ತಲೇ ಇತ್ತು, ಮೇಲಧಿಕಾರಿಗಳಿಗೂ ದೂರಿತು. ಕೆಲ್ಸಿ ಪ್ರತಿಸಲವೂ ಇನ್ನಷ್ಟು ಪುರಾವೆ ಕೇಳಿ ಅರ್ಜಿಯನ್ನು ಹಿಂದಿರುಗಿಸಿದರು. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಔಷಧಿಯನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ, ಗರ್ಭಿಣಿಯರು ಅದನ್ನು ಸೇವಿಸಿದ್ದರಿಂದ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ್ದರು. ಔಷಧಿ ಪರಿಣಾಮಕಾರಿ ಎಂದು ಮೊದಲೇ ಸಾಬೀತುಮಾಡಬೇಕೆಂಬ ಕಾನೂನನ್ನು ಅಮೆರಿಕ 1962ರ ಅಕ್ಟೋಬರ್‌ನಲ್ಲಿ ತಂದಿತು. ಕೆಲ್ಸಿ ಭಾಷಣ ಮಾಡಲಿಲ್ಲ, ಕಡತದ ಮೇಲೆ "ಸಾಲದು" ಎಂದು ಬರೆದರು.

ಹೊರಗಿನವರಿಗೆ ದಾರಿ ಇನ್ನೂ ಉದ್ದ. ಭೂಮಿಯ ವಯಸ್ಸನ್ನು ಅಳೆದ ಕ್ಲೇರ್ ಪ್ಯಾಟರ್ಸನ್ ಆ ಕೆಲಸದ ನಡುವೆಯೇ ಎಲ್ಲೆಲ್ಲೂ ಸೀಸದ ಮಾಲಿನ್ಯವನ್ನು ಕಂಡು, ಅದು ಬರುತ್ತಿರುವುದು ಸೀಸ ಬೆರೆಸಿದ ಪೆಟ್ರೋಲಿನಂಥ ಮೂಲಗಳಿಂದ ಎಂದು 1965ರಲ್ಲಿ ಬರೆದಾಗ, ಸಂಶೋಧನೆಯ ಹಣಕ್ಕೆ ಕುತ್ತು ಬಂತು. ಗಾಳಿಯಲ್ಲಿನ ಸೀಸವನ್ನು ಪರಿಶೀಲಿಸಲು 1971ರಲ್ಲಿ ನೇಮಕವಾದ ಅಮೆರಿಕದ ರಾಷ್ಟ್ರೀಯ ಸಮಿತಿಯಲ್ಲಿ, ಆ ವಿಷಯದಲ್ಲಿ ಅಗ್ರಗಣ್ಯರಾಗಿದ್ದ ಅವರಿಗೇ ಸ್ಥಾನ ಸಿಗಲಿಲ್ಲ. ರಸ್ತೆ ವಾಹನಗಳಿಗೆ ಸೀಸಯುಕ್ತ ಪೆಟ್ರೋಲನ್ನು ಮಾರುತ್ತಿದ್ದ ಕೊನೆಯ ದೇಶವೂ ಅದನ್ನು ನಿಲ್ಲಿಸಿದ್ದು 2021ರಲ್ಲಿ. ಇಂಥ ಕೆಲಸಕ್ಕೆ ಇಳಿಯುವ ಕಿರಿಯರು ಒಂಟಿಯಾಗಿ ಇಳಿಯಬಾರದು: ಕಚ್ಚಾ ದತ್ತಾಂಶವನ್ನು ಯಾರು ಬೇಕಾದರೂ ಪರಿಶೀಲಿಸುವಂತೆ ಇಡಿ, ಅದೇ ಅಳತೆಯನ್ನು ಇನ್ನೊಂದು ಪ್ರಯೋಗಾಲಯದಲ್ಲಿ ಮಾಡಿಸಿ, ವೃತ್ತಿಪರ ಸಂಘದ ಬೆಂಬಲವನ್ನು ಮೊದಲೇ ಪಡೆಯಿರಿ.

ಪ್ರಶ್ನೆ: ಪಿಎಚ್‌.ಡಿ. ಮಾಡುತ್ತಿದ್ದೇನೆ. ನೀತಿಯ ಕೆಲಸಕ್ಕೆ ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ವಿಷಯದಲ್ಲಿ ಸರಕಾರ ಕರಡು ನಿಯಮ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಿದಾಗ, ಯಾವ ಕಲಂ, ಏನು ತೊಂದರೆ, ಯಾವ ಪದಗಳನ್ನು ಬದಲಿಸಬೇಕು, ಆಧಾರ ಏನು ಎಂದು ಬರೆದು ಕಳುಹಿಸಿ. ಇದಕ್ಕೆ ಯಾರ ಪರಿಚಯವೂ ಬೇಕಿಲ್ಲ, ಬದಲಿ ಪದಗಳನ್ನು ಸಿದ್ಧವಾಗಿ ಕೊಟ್ಟ ಆಕ್ಷೇಪಣೆಗಳನ್ನು ಅಧಿಕಾರಿಗಳು ಗಮನವಿಟ್ಟು ಓದುತ್ತಾರೆ. ಶಾಸನಸಭೆಗಳಿಗೆ ವೈಜ್ಞಾನಿಕ ಮಾಹಿತಿ ಒದಗಿಸುವ ಕಚೇರಿಗಳು ಕೆಲವು ದೇಶಗಳಲ್ಲಿವೆ. 1989ರಲ್ಲಿ ಆರಂಭವಾದ ಬ್ರಿಟಿಷ್ ಸಂಸತ್ತಿನ ಇಂಥ ಕಚೇರಿ ಸಂಶೋಧನಾ ವಿದ್ಯಾರ್ಥಿಗಳನ್ನು ಕೆಲವು ತಿಂಗಳ ಮಟ್ಟಿಗೆ ಕರೆದು, ಸಂಸದರಿಗಾಗಿ ಕಿರು ಟಿಪ್ಪಣಿಗಳನ್ನು ಬರೆಸುತ್ತದೆ. ಅಮೆರಿಕದಲ್ಲಿ ವಿಜ್ಞಾನಿಗಳನ್ನು ಒಂದು ವರ್ಷ ಶಾಸಕರ ಕಚೇರಿಗಳಲ್ಲಿ ದುಡಿಸುವ ಫೆಲೋಶಿಪ್ 1973ರಿಂದ ನಡೆಯುತ್ತಿದೆ. ಅಂಥ ಅವಕಾಶ ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ನಮ್ಮ ಸಲಹೆಯನ್ನು ತಳ್ಳಿಹಾಕಿದರೆ?

ಉತ್ತರ: ತಳ್ಳಿಹಾಕುವ ಹಕ್ಕು ಅವರಿಗಿದೆ, ಏಕೆಂದರೆ ಜನರಿಗೆ ಉತ್ತರ ಹೇಳಬೇಕಾದವರು ಅವರು. ಕಾರಣ ಕೇಳಿ, ಸಾಧ್ಯವಾದರೆ ಬರವಣಿಗೆಯಲ್ಲಿ. ಹಣವಿಲ್ಲ ಎಂಬುದು ಕಾರಣವಾದರೆ ಅಗ್ಗದ ದಾರಿ ಹುಡುಕಬಹುದು. ಜನರು ಒಪ್ಪುವುದಿಲ್ಲ ಎಂದಾದರೆ ಜನರ ಬಳಿಗೆ ಹೋಗಬಹುದು. ಪುರಾವೆ ಸಾಲದು ಎಂದಾದರೆ ಯಾವ ಪುರಾವೆ ಸಾಕಾಗುತ್ತದೆ ಎಂದು ಅಂದೇ ಕೇಳಿಕೊಳ್ಳಬಹುದು. ಆಮೇಲೆ ಟಿಪ್ಪಣಿಯನ್ನು ವರ್ಷಕ್ಕೊಮ್ಮೆ ಹೊಸ ಅಳತೆಗಳೊಂದಿಗೆ ತಿದ್ದಿ ಸಿದ್ಧವಾಗಿಡಿ. ಅಧಿಕಾರಿಗಳು ಬದಲಾಗುತ್ತಾರೆ, ಸರಕಾರಗಳೂ ಬದಲಾಗುತ್ತವೆ.

ಸೋಹೋದ ಕಥೆಗೂ ಇಂಥದೇ ಒಂದು ಮುಂದಿನ ಭಾಗವಿದೆ. ಹಿಡಿಕೆ ಕಳಚಿದ ಮೇಲೂ ಸರಕಾರದ ಆರೋಗ್ಯ ಮಂಡಳಿ ಸ್ನೋ ಅವರ ವಾದವನ್ನು ಒಪ್ಪಲಿಲ್ಲ. ಅದನ್ನು ಸುಳ್ಳೆಂದು ತೋರಿಸಲು ಹೊರಟವರಲ್ಲಿ ಅಲ್ಲಿಯ ಯುವ ಪಾದ್ರಿ ಹೆನ್ರಿ ವೈಟ್‌ಹೆಡ್ ಒಬ್ಬರು. ಆ ಬೀದಿಯ ಮನೆಮನೆಯೂ ಅವರಿಗೆ ಪರಿಚಿತ. ಒಂದೇ ಮನೆಗೆ ನಾಲ್ಕೈದು ಸಲ ಹೋಗಿ ವಿಚಾರಿಸುತ್ತ ಹೋದಂತೆ ಅವರಿಗೇ ಸ್ನೋ ಹೇಳಿದ್ದು ಸರಿ ಎನಿಸತೊಡಗಿತು. ಪಂಪಿನ ಎದುರಿನ 40ನೆಯ ಸಂಖ್ಯೆಯ ಮನೆಯಲ್ಲಿ ಕಾಯಿಲೆ ಬಿದ್ದ ಕೂಸಿನ ಬಟ್ಟೆ ತೊಳೆದ ನೀರನ್ನು, ಬಾವಿಗೆ ಕೆಲವೇ ಅಡಿ ದೂರದ ಮಲಗುಂಡಿಗೆ ತಾಯಿ ಸುರಿದಿದ್ದಳೆಂಬುದನ್ನು ಪತ್ತೆಮಾಡಿದವರೂ ಅವರೇ. ಸ್ನೋ 1858ರಲ್ಲಿ ತೀರಿಕೊಂಡರು. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ಮತ್ತೆ ಬಂದಾಗ, ಹಿಂದೆ ಕೆಟ್ಟ ಗಾಳಿಯ ವಾದವನ್ನು ನಂಬಿದ್ದ ಅಂಕಿಅಂಶಗಳ ಅಧಿಕಾರಿ ವಿಲಿಯಂ ಫಾರ್, ಸಾವುಗಳನ್ನು ನೀರು ಸರಬರಾಜಿನ ಪ್ರಕಾರ ವಿಂಗಡಿಸಿ ನೋಡಿ, ಕುದಿಸದ ನೀರನ್ನು ಕುಡಿಯಬಾರದೆಂದು ಸೂಚನೆ ಹೊರಡಿಸಿದರು.